ಬೆಂಜೀನಿನ ಉಂಗುರವೂ ಅಟ್ಟದಲ್ಲುಳಿದ ಹಳೆಯ ಪುಡಿಯೂ

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕವನ್ನು ನುಡಿಯುವನು. ರೈತರು ಅದರಿಂದ ಮುಂದಿನ ಮಳೆಬೆಳೆಗಳನ್ನು ಅರಿಯಲೆಳಸುವರು. ಮುಂಬರುವ ವರ್ಷವನ್ನು ಹೀಗೆ ವಿಚಾರಿಸುವವರು, ಕಳೆದ ಕಾಲದ ಬಿ.ಎಚ್.ಸಿ. ಪುಡಿಯೇನಾದರೂ ತಮ್ಮ ಅಟ್ಟದ ಮೇಲೆ ಉಳಿದಿದೆಯೇ ಎಂಬುದನ್ನೂ ನೋಡಿಕೊಳ್ಳುವುದು ಅವಶ್ಯ. ಆ ಪುಡಿಯ ಗುಣವನ್ನು ತಿಳಿಯಬೇಕಾದರೆ ಅದರ ಮೂಲವಾದ ಬೆಂಜೀನನ್ನು ಮೊದಲು ತಿಳಿಯಬೇಕು.

ಬೆಂಜೀನ್ ಎಂಬುದು ಒಂದು ದ್ರವ. 1825ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಅದನ್ನು ಮೊದಲು ಬೇರ್ಪಡಿಸಿದನು. ಅದರ ಒಂದೊಂದು ಅಣುವಿನಲ್ಲಿ ಇಂಗಾಲದ 6, ಜಲಜನಕದ 6 ಪರಮಾಣುಗಳಿರುತ್ತವೆ. ಇಂಗಾಲದ ಪರಮಾಣುಗಳು ಉಂಗುರದಂತೆ ಕೂಡಿರುವುವೆಂದು ಜರ್ಮನ್ ವಿದ್ವಾಂಸನಾದ ಕೆಕುಲೆಯು 1865ರಲ್ಲಿ ತಿಳಿಸಿದನು. ಊರ ಗಾಯರಾಣವು ಎಲ್ಲರಿಗೂ ಸೇರಿರುವಂತೆ, 6 ಎಲೆಕ್ಟ್ರಾನುಗಳು ಇಡೀ ಉಂಗುರಕ್ಕೆ ಸೇರಿರುತ್ತವೆ. ಆದುದರಿಂದಲೇ ಅದು ಸುಲಭವಾಗಿ ಮಾರ್ಪಡದು.

ಆದರೆ ಬಿಸಿಲಿನ ಬಲದಿಂದ ಬೆಂಜೀನಿಗೆ ಕ್ಲೋರಿನ್ ಅನಿಲವನ್ನು ಕೂಡಿಸಿದಲ್ಲಿ, ಆ ಒಗ್ಗಟ್ಟು ಮುರಿದು ಒಂದೊಂದು ಇಂಗಾಲಕ್ಕೆ ಒಂದರಂತೆ 6 ಕ್ಲೋರಿನ್ ಪರಮಾಣುಗಳು ಅಂಟಿಕೊಳ್ಳುತ್ತವೆ; ಉಂಗುರದ ಆಕಾರವು ಮಾತ್ರ ಉಳಿಯುತ್ತದೆ. ಇದೇ ಬಿ.ಎಚ್.ಸಿ. ಈ ಕ್ಲೋರಿನ್ ಪರಮಾಣುಗಳು ಉಂಗುರದ ಮೇಲೂ ಕೆಳಗೂ ಬೇರೆ ಬೇರೆ ಕ್ರಮದಲ್ಲಿ ನಿಲ್ಲುವುದರಿಂದ ಇದರಲ್ಲಿ ಹಲವು ಬಗೆಗಳುಂಟು. ಕೀಟಗಳನ್ನು ಮುಖ್ಯವಾಗಿ ಕೊಲ್ಲುವುದು ‘ಗಾಮಾ’ ಎಂಬ ಬಗೆ. ಅದಾದರೋ ನೂರಕ್ಕೆ 10ರಿಂದ 15 ಭಾಗ ಮಾತ್ರ. ಉಳಿದುದು ಹೆಚ್ಚಿನ ಪ್ರಯೋಜನವಿಲ್ಲದೆ ನೆಲದ ಪಾಲಾಗುವುದು. ಅದರಲ್ಲಿ ‘ಬೀಟಾ’ ಎಂಬ ಬಗೆಯು ಬಹುಕಾಲ ಕೆಡುವುದಿಲ್ಲ. ನೀರಿನಲ್ಲಿ ಅತ್ಯಲ್ಪವಾಗಿ ಕರಗುವ ಇದು ಕೊಬ್ಬಿನಲ್ಲಿ ಸೇರಿ ನಿಲ್ಲುವುದರಿಂದ, ಮೇವಿನ ಮೂಲಕ ದನಕ್ಕೂ ಹಾಲಿನ ಮೂಲಕ ಮಕ್ಕಳಿಗೂ ತಲಪಬಲ್ಲದು. ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣದ ಎಣ್ಣೆಸಾರವನ್ನು ತೆಗೆಯುವರಷ್ಟೆ. ಕಾಯಿಗೆ ಇಂಥ ವಿಷವು ತಗುಲಿದ್ದರೆ ಅದು ಸಾರದೊಡನೆಯೂ ಬರಬಹುದು.

ಭಾರತ ಸರ್ಕಾರವು 1997ರಲ್ಲಿ ಬಿ.ಎಚ್.ಸಿ.ಯನ್ನು ನಿಷೇಧಿಸಿತು, ಗಾಮಾ ಬಗೆಯಾದ ಲಿಂಡೇನಿನ ಬಳಕೆಯನ್ನೂ 2013ರಲ್ಲಿ ನಿಲ್ಲಿಸಿತು. ಆದುದರಿಂದ ಹಳೆಯ ಪುಡಿಯು ದೊರೆತಲ್ಲಿ, ಹಾಳಾದೀತೆಂಬ ಮರುಕದಿಂದ ಅದನ್ನು ಬೆಳೆಗೆ ಎರಚಬಾರದು, ಕಾಳಿನಲ್ಲಿ ಬೆರೆಸಬಾರದು, ಸುಡಬಾರದು, ಹೂಳಬಾರದು, ಹಳ್ಳ ಬಾವಿಗಳಿಗೆ ಚೆಲ್ಲಬಾರದು. ಬರಿಗೈಯಿಂದ ಮುಟ್ಟದೆ, ಚೀಲಸಹಿತ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು, ವಿಷವೆಂದು ಬರೆದು, ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇರಿಸಿ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಊರ ಗೌಡರೂ ಜಮೀನುದಾರರೂ ಮೊದಲು ತಮ್ಮ ಅಟ್ಟವನ್ನು ನೋಡಿ, ತರುವಾಯ ನೆರೆಹೊರೆಯವರಿಗೆ ತಿಳಿಯಹೇಳಿದರೆ ಇಡೀ ಊರಿಗೆ ಹಿತವಾಗುವುದು.