ಏಳನೇ ತಿಂಗಳಿಗೆ ತವರಿಗೆ ಹೊರಟೀರಾ? ಫೈಲೂ ಜೊತೆಗಿರಲಿ

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಚೊಚ್ಚಲ ಹೆರಿಗೆ ಅಂದ್ರೆ ತವರುಮನೆಯಲ್ಲೇ. ಗಂಡನ ಮನೆಯಲ್ಲಿ ಕುಬಸ ಮುಗಿಯಿತು, ಹಸಿರು ಸೀರೆ, ಹಸಿರು ಬಳೆ ಆಯಿತು, ಮುಂದೆ ಮಗಳು ಅವ್ವನ ಮನೆಗೆ. ಮೊದಲೆಲ್ಲ ಈ ಪಯಣ ಪಕ್ಕದೂರಿಂದ ಪಕ್ಕದೂರಿಗೆ. ಈಗ ನಮ್ಮಂಥವರು ಬೆಂಗಳೂರಿಂದ, ಪುಣೆಯಿಂದ ಬರ್ತೀವಿ. ನನ್ನ ತವರು ರೋಣ, ಗಂಡನ ಮನೆ ಗಜೇಂದ್ರಗಡ. ಅಕ್ಕನನ್ನು ಕೊಟ್ಟಿದ್ದು ನರಗುಂದಕ್ಕೆ. ಇಬ್ಬರ ಕೆಲಸವೂ ಬೆಂಗಳೂರಿನಲ್ಲಿ. ಎರಡು ವರ್ಷದ ಅಂತರದಲ್ಲಿ ನಮ್ಮಿಬ್ಬರದೂ ಒಂದೇ ಕಥೆ: ಏಳು ತಿಂಗಳು ಅಲ್ಲಿಯ ಡಾಕ್ಟರು, ಕೊನೆಯ ಎರಡು ತಿಂಗಳು ಇಲ್ಲಿಯ ಡಾಕ್ಟರು.

ಆಫೀಸಿನಲ್ಲಿ ಒಂದು ಪ್ರಾಜೆಕ್ಟು ಬೇರೆ ಟೀಮಿಗೆ ಹೋಗುವಾಗ ವಾರಗಟ್ಟಲೆ ಹ್ಯಾಂಡೋವರ್ ಮಾಡ್ತೀವಿ. ಎಲ್ಲಿಗೆ ಬಂದಿದೆ, ಏನು ಬಾಕಿ ಇದೆ, ಎಲ್ಲಿ ತೊಂದರೆ ಬರಬಹುದು, ಎಲ್ಲ ಬರೆದು ಕೊಡ್ತೀವಿ. ಬಸುರಿ ಊರು ಬದಲಿಸುವಾಗ ಎಷ್ಟೋ ಮನೆಗಳಲ್ಲಿ ಸೀರೆ, ಬಳೆ, ಕೂಸಿನ ಕುಲಾವಿ ಎಲ್ಲ ಪ್ಯಾಕ್ ಆಗುತ್ತವೆ, ಈ ಲೆಕ್ಕ ಮಾತ್ರ ಉಳಿದುಬಿಡುತ್ತೆ. ತಿಂಗಳು ತಿಂಗಳಿಗೆ ಒಳಗೆ ಏನಾಗುತ್ತೆ ಅಂತ ಗೊತ್ತಿದ್ದರೆ ಅದು ಯಾಕೆ ಮುಖ್ಯ ಅಂತಲೂ ಗೊತ್ತಾಗುತ್ತೆ.

ಮೊದಲ ಮೂರು ತಿಂಗಳು

ಡಾಕ್ಟರು ಲೆಕ್ಕ ಹಾಕೋದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಒಟ್ಟು 40 ವಾರ, ಅಂದರೆ 280 ದಿನ. ಹಾಗಾಗಿ ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ನಾಲ್ಕು ವಾರ ಮುಗಿದಿರುತ್ತೆ. ಆರನೇ ವಾರದ ಹೊತ್ತಿಗೆ ಮಗುವಿನ ಮೆದುಳು, ಬೆನ್ನುಹುರಿ ಆಗಬೇಕಾದ ನಾಳ ಮುಚ್ಚಿಕೊಳ್ಳುತ್ತೆ. ಹೃದಯದ ಮಿಡಿತವೂ ಆಗಲೇ ಶುರು. ಫೋಲಿಕ್ ಆಸಿಡ್ ಗುಳಿಗೆಯನ್ನು ಮಗು ಬೇಕು ಅಂತ ನಿರ್ಧರಿಸಿದಾಗಲೇ ಶುರುಮಾಡಿ ಅನ್ನೋದು ಇದಕ್ಕೇ.

ಈ ಗುಳಿಗೆಯ ಕಥೆ ನಮ್ಮ ದೇಶಕ್ಕೂ ಸೇರಿದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಅದರಲ್ಲಿದ್ದ ಆ ಅಂಶವೇ ಮುಂದೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು.

ತಾಯಿಗೆ ಇದು ವಾಂತಿ, ಸುಸ್ತು, ವಾಸನೆ ಕಂಡರಾಗದ ಕಾಲ. ಹೊರಗೆ ಹೊಟ್ಟೆ ಕಾಣಲ್ಲ, ಆದರೆ 12 ವಾರಕ್ಕೆ ಮಗುವಿಗೆ ಕೈಕಾಲು, ಬೆರಳು ಎಲ್ಲ ಬಂದಿರುತ್ತೆ. ಉದ್ದ ಐದಾರು ಸೆಂಟಿಮೀಟರ್ ಅಷ್ಟೇ.

ನಡುವಿನ ಮೂರು ತಿಂಗಳು

ಊಟ ಸೇರುತ್ತೆ, ಬಯಕೆ ಶುರುವಾಗುತ್ತೆ. 18ರಿಂದ 20 ವಾರದ ನಡುವೆ ಅಂಗಾಂಗಗಳ ವಿವರವಾದ ಸ್ಕ್ಯಾನ್ ಆಗಬೇಕು. ಚೊಚ್ಚಲ ಬಸುರಿಗೆ ಮಗು ಮಿಸುಕಾಡಿದ್ದು ಸುಮಾರು ಇದೇ ಹೊತ್ತಿಗೆ ತಿಳಿಯುತ್ತೆ. ಇಪ್ಪತ್ತು ವಾರಕ್ಕೆ ಮಗುವಿನ ತೂಕ 300 ಗ್ರಾಂ ಆಸುಪಾಸು. ಆರನೇ ತಿಂಗಳು ದಾಟಿದ ಮೇಲೆ ಅದಕ್ಕೆ ತಾಯಿಯ ದನಿಯೂ ಕೇಳಿಸುತ್ತೆ. ನನ್ನ ಮಗಳು ಬೆಂಗಳೂರಿನಲ್ಲಿ ಹೊಟ್ಟೆಯೊಳಗೇ ನನ್ನ ಎಷ್ಟು ಮೀಟಿಂಗ್ ಕೇಳಿಸಿಕೊಂಡಳೋ ಏನೋ!

ಕಬ್ಬಿಣಾಂಶದ ಗುಳಿಗೆ ಶುರುವಾಗುವುದೂ ಈಗಲೇ. ಸರಕಾರದ ಕ್ರಮದಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ.

28ನೇ ವಾರ ಎಂಬ ಸಂದಿ

ಕುಬಸ ಮುಗಿಸಿ ಬಸ್ಸು ಹತ್ತುವ ಹೊತ್ತೂ, ಮುಖ್ಯವಾದ ಕೆಲವು ಪರೀಕ್ಷೆಗಳ ಹೊತ್ತೂ ಹೆಚ್ಚುಕಡಿಮೆ ಒಂದೇ. 24ರಿಂದ 28 ವಾರದೊಳಗೆ ಸಕ್ಕರೆ ಪರೀಕ್ಷೆ: 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ತೆಗೀತಾರೆ. 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಅಂತ ಲೆಕ್ಕ. ತಾಯಿಯ ರಕ್ತದ ಗುಂಪು ನೆಗೆಟಿವ್, ತಂದೆಯದು ಪಾಸಿಟಿವ್ ಇದ್ದರೆ 28ನೇ ವಾರದ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್. ಅಲ್ಲಿಯವರು ಊರಲ್ಲಿ ಆಗುತ್ತೆ ಅಂದುಕೊಳ್ತಾರೆ, ಇಲ್ಲಿಯವರು ಬೆಂಗಳೂರಲ್ಲೇ ಆಗಿರುತ್ತೆ ಅಂದುಕೊಳ್ತಾರೆ.

ನಮ್ಮ ಅಕ್ಕನದು ಓ ನೆಗೆಟಿವ್. ರೋಣಕ್ಕೆ ಬಂದ ಮೂರನೇ ದಿನ ಡಾಕ್ಟರು ಫೈಲು ತಿರುವಿ, "ಮುಂದಿನ ಭೇಟಿಗೆ ಇಂಜೆಕ್ಷನ್ ಅಂತ ಬರದಾರಲ್ಲ, ಆತೇನವಾ?" ಅಂತ ಕೇಳಿದರು. ಆಗಿರಲಿಲ್ಲ, ಅದೇ ವಾರ ಹಾಕಿಸಿದ್ದಾಯಿತು. ಹಾಳೆಯ ಮೇಲಿನ ಆ ಒಂದು ಸಾಲು ಇಲ್ಲದಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಉಳಿದ ಎರಡು ಕೆಜಿ

28 ವಾರಕ್ಕೆ ಮಗು ಸುಮಾರು ಒಂದು ಕೆಜಿ. ಹುಟ್ಟುವಾಗ ಮೂರು ಕೆಜಿ ಹತ್ತಿರ ಇರಬೇಕು, ಎರಡೂವರೆಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ಅಂದರೆ ಮಗುವಿನ ಮೂರರಲ್ಲಿ ಎರಡು ಪಾಲು ತೂಕ ತವರಿನ ಅಡುಗೆಮನೆಯಲ್ಲೇ ಆಗುವಂಥದ್ದು. ತಾಯಿಯಿಂದ ಮಗುವಿಗೆ ಕಬ್ಬಿಣಾಂಶ ಹೆಚ್ಚಾಗಿ ಸಾಗುವುದೂ ಈಗಲೇ.

ನಮ್ಮ ಕಡೆ ಕೆಲವು ಹಿರಿಯರು, "ಭಾಳ ತಿಂದ್ರ ಕೂಸು ದೊಡ್ಡದಾಗಿ ಹೆರಿಗಿ ಕಷ್ಟಾಗ್ತೈತಿ", "ಆ ಗುಳಿಗಿ ಉಷ್ಣ" ಅಂತಾರೆ. ಪ್ರೀತಿಯ ಮಾತೇ, ಆದರೆ ಕೇಳುವಂಥದ್ದಲ್ಲ. ತಾಯಿಯ ದೇಹದಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುತ್ತೆ, ರಕ್ತ ತೆಳುವಾಗುತ್ತೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಗಂಭೀರ. ಅಂಥ ತಾಯಿಗೆ ಹೆರಿಗೆಯಲ್ಲಿ ಆಗುವ ರಕ್ತಸ್ರಾವ ತಡೆದುಕೊಳ್ಳೋದು ಕಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ರಕ್ತಹೀನತೆ ಇತ್ತು. ನನ್ನದೂ 11.2 ಇದ್ದದ್ದು ಊರಿಗೆ ಬಂದ ಮೇಲೆ 9.6ಕ್ಕೆ ಇಳಿದಿತ್ತು. ಹಳೆಯ ರಿಪೋರ್ಟು ನೋಡಿ, ಎಷ್ಟು ಬೇಗ ಇಳಿದಿದೆ ಅಂತ ಗಮನಿಸಿಯೇ ಡಾಕ್ಟರು ಗುಳಿಗೆ ಹೆಚ್ಚಿಸಿದರು.

ಊಟದ ಮಟ್ಟಿಗೆ ನಮ್ಮೂರೇ ವಾಸಿ. ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳು, ರಾಜಗಿರಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಲಿಂಬೆ ಹಣ್ಣಿನ ರಸ. ಹುಳಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ಒಟ್ಟಿಗೆ ನುಂಗಬೇಡಿ. 2017ರಿಂದ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ‘ಮಾತೃಪೂರ್ಣ’ ಬಿಸಿಯೂಟವೂ ಇದೆ.

ತಪಾಸಣೆ ಹೆಚ್ಚಾಗಬೇಕಾದ್ದೂ ಇದೇ ಕಾಲದಲ್ಲಿ. 28 ವಾರದ ತನಕ ತಿಂಗಳಿಗೊಮ್ಮೆ, 36ರ ತನಕ ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಬಿಪಿ 140/90 ಮುಟ್ಟಿದರೆ ತಡಮಾಡುವಂತಿಲ್ಲ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. 2016ರಲ್ಲಿ ಶುರುವಾದ ಯೋಜನೆ ಇದು.

ಹೊರಡುವ ಮುನ್ನ

- ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದರೂ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ಹೆಸರು ನೋಂದಾಯಿಸಿ.
- ಎಲ್ಲ ಸ್ಕ್ಯಾನ್, ರಕ್ತಪರೀಕ್ಷೆ, ಬಿಪಿ, ತೂಕದ ವಿವರ ಒಂದೇ ಫೈಲಿನಲ್ಲಿರಲಿ. ಫೋಟೋ ತೆಗೆದು ಗಂಡನ ಫೋನಿಗೂ ಅವ್ವನ ಫೋನಿಗೂ ಕಳಿಸಿ.
- ‘ಏನೇನು ಬಾಕಿ ಇದೆ?’ ಅಂತ ಈಗಿನ ಡಾಕ್ಟರಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.
- ಊರು ಮುಟ್ಟಿದ ವಾರದೊಳಗೆ ಹೊಸ ಡಾಕ್ಟರನ್ನು ನೋಡಿ, ನೋವು ಬರುವ ತನಕ ಕಾಯಬೇಡಿ.
- ರಜೆ ಲೆಕ್ಕ ಹಾಕಿ. 2017ರ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳದ ರಜೆ ಇದೆ, ಅದರಲ್ಲಿ ಹೆರಿಗೆಗೆ ಮೊದಲು ತಗೊಳ್ಳಬಹುದಾದ್ದು 8 ವಾರ ಮಾತ್ರ. 28ನೇ ವಾರಕ್ಕೇ ಹೊರಟರೆ ನಡುವಿನ ನಾಲ್ಕು ವಾರಕ್ಕೆ ಮನೆಯಿಂದ ಕೆಲಸ ಮಾಡಲು ಮ್ಯಾನೇಜರ ಹತ್ತಿರ ಮೊದಲೇ ಮಾತಾಡಿ.

ಕೊನೆಯದು ಮನೆಯವರೆಲ್ಲ ಓದಬೇಕಾದ್ದು. ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾವು, ಎದೆಗೂಡಿನ ಕೆಳಗೆ ನೋವು, ರಕ್ತ ಅಥವಾ ನೀರು ಹೋಗುವುದು, ಜ್ವರ, ಮಗುವಿನ ಮಿಸುಕಾಟ ಕಡಿಮೆ ಆಗುವುದು: ಇವುಗಳಲ್ಲಿ ಒಂದು ಕಂಡರೂ ಮುಂಜಾನೆ ನೋಡೋಣ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ರೋಣ, ಗಜೇಂದ್ರಗಡದಿಂದ ಗದಗಿನ ಜಿಮ್ಸ್‌ಗೋ, ನರಗುಂದದಿಂದ ಹುಬ್ಬಳ್ಳಿಯ ಕಿಮ್ಸ್‌ಗೋ ಹೋಗಬೇಕಾಗಿ ಬಂದರೆ ರಾತ್ರಿ ಗಾಡಿ ಯಾರದು, ಜೊತೆಗೆ ಬರುವವರು ಯಾರು, ರಕ್ತ ಕೊಡುವವರು ಯಾರು ಅನ್ನೋದು ಕುಬಸದ ದಿನ ಎಲ್ಲರೂ ಸೇರಿದಾಗಲೇ ಮಾತಾಗಿರಲಿ.