ಹೈದರಾಬಾದಿನ ಮುಕೇಶ್ ಕುಮಾರ್: ತಪ್ಪು ಕಲ್ಪನೆ ಮತ್ತು ವಾಸ್ತವ

ತಪ್ಪು ಕಲ್ಪನೆ: ಹೈದರಾಬಾದಿಗೂ ಹಾಕಿಗೂ ನಂಟಿಲ್ಲ.

ವಾಸ್ತವ: ಆ ಊರಿನ ಆಟಗಾರರೆಂದರೆ ಅಜರುದ್ದೀನ್, ಲಕ್ಷ್ಮಣ್, ಸೈನಾ, ಸಿಂಧು ಎಂದು ಸಾಲಾಗಿ ಹೇಳುತ್ತೇವೆ, ಮುಕೇಶ್ ಕುಮಾರ್ ಅವರನ್ನು ಮಾತ್ರ ಬಿಟ್ಟುಬಿಡುತ್ತೇವೆ. 1970ರಲ್ಲಿ ಅಲ್ಲೇ ಹುಟ್ಟಿದ ಈ ಫಾರ್ವರ್ಡ್ ಬಾರ್ಸಿಲೋನಾ, ಅಟ್ಲಾಂಟಾ, ಸಿಡ್ನಿ, ಹೀಗೆ ಸತತ ಮೂರು ಒಲಿಂಪಿಕ್ಸ್ ಆಡಿದವರು.

ತಪ್ಪು ಕಲ್ಪನೆ: ಫಾರ್ವರ್ಡ್ ಆಟಗಾರನನ್ನು ಗೋಲುಗಳ ಲೆಕ್ಕದಲ್ಲೇ ಅಳೆಯಬೇಕು.

ವಾಸ್ತವ: ಈ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಹಾಕಿಯಲ್ಲಿ ಗೋಲಿನ ಮುಂದಿನ 'ಡಿ' ಒಳಗಿಂದ ಹೊಡೆದ ಚೆಂಡಿಗೆ ಮಾತ್ರ ಗೋಲು ಸಿಗುತ್ತದೆ. ಗೋಲಿನ ಗೆರೆಯಿಂದ ಅದರ ಅಂಚಿಗೆ 14.63 ಮೀಟರ್. ಎದುರಾಳಿಗಳೆಲ್ಲ ಅಲ್ಲೇ ಗುಂಪುಗಟ್ಟಿ ನಿಂತಿರುತ್ತಾರೆ. ಫಾರ್ವರ್ಡ್ ಬಗ್ಗಿದ ಬೆನ್ನಿನಲ್ಲೇ ಚೆಂಡು ಬಿಡದೆ ನುಗ್ಗಬೇಕು, ಸ್ಟಿಕ್ಕಿನ ಪೆಟ್ಟು ತಿನ್ನಬೇಕು. ಅವನು ತಳ್ಳಿದ ಚೆಂಡು ಅಲ್ಲಿ ಡಿಫೆಂಡರನ ಕಾಲಿಗೆ ತಾಗಿದರೆ ತಂಡಕ್ಕೆ ಗೋಲಿನ ಅವಕಾಶವಾಗಿ ಪೆನಾಲ್ಟಿ ಕಾರ್ನರ್. ಅದನ್ನು ಗೋಲಾಗಿಸುವವನು ಸಾಮಾನ್ಯವಾಗಿ ಬೇರೊಬ್ಬ. ಮರುದಿನ ಪತ್ರಿಕೆಯಲ್ಲಿ ಹೆಸರು ಬರುವುದೂ ಅವನದೇ. ಜೊತೆಗೆ, ಫಾರ್ವರ್ಡ್ ಎಷ್ಟು ಮುಂದೆ ನಿಲ್ಲಬಹುದು ಎಂಬುದಕ್ಕೆ ಮಿತಿ ಹಾಕಿದ್ದ ಆಫ್‌ಸೈಡ್ ನಿಯಮ ಮುಕೇಶ್ ಆಡುತ್ತಿದ್ದ ಕಾಲದಲ್ಲೇ ರದ್ದಾಯಿತು. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂಬುದನ್ನು ಫಾರ್ವರ್ಡ್‌ಗಳೆಲ್ಲ ಹೊಸದಾಗಿ ಕಲಿಯಬೇಕಾಯಿತು.

ತಪ್ಪು ಕಲ್ಪನೆ: ಒಲಿಂಪಿಕ್ಸ್ ಪದಕ ಇಲ್ಲ, ಹಾಗಾಗಿ ಆ ತಲೆಮಾರು ಸೋತ ತಲೆಮಾರು.

ವಾಸ್ತವ: ಮೂರೂ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಪದಕ ಬರಲಿಲ್ಲ, ನಿಜ. ಆದರೆ 1966ರ ನಂತರ ಕೈಗೆ ಸಿಗದಿದ್ದ ಏಷ್ಯನ್ ಗೇಮ್ಸ್ ಚಿನ್ನವನ್ನು 1998ರಲ್ಲಿ ಬ್ಯಾಂಕಾಕಿನಲ್ಲಿ ಗೆದ್ದು ತಂದದ್ದು ಇದೇ ತಲೆಮಾರು. ಧನರಾಜ್ ಪಿಳ್ಳೈ ನಾಯಕ, ಮುಕೇಶ್ ಮುನ್ನಡೆ ಸಾಲಿನಲ್ಲಿ. ಕೊರಿಯಾ ವಿರುದ್ಧದ ಫೈನಲ್ ಟೈಬ್ರೇಕರ್‌ಗೆ ಹೋದಾಗ ಗೋಲಿಗೆ ಅಡ್ಡ ನಿಂತು ಪಂದ್ಯ ಉಳಿಸಿದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಮೂವತ್ತೆರಡು ವರ್ಷದ ಬರ ನೀಗಿಸಿದವರನ್ನು ಸೋತವರೆನ್ನುವುದು ಅನ್ಯಾಯ.

ತಪ್ಪು ಕಲ್ಪನೆ: ಇಷ್ಟೆಲ್ಲ ಆಡಿದವರು ಆಟದಿಂದಲೇ ದುಡ್ಡು ಮಾಡಿಕೊಂಡಿರುತ್ತಾರೆ.

ವಾಸ್ತವ: ಕೆನಡಾ, ಅಮೆರಿಕದ ಐಸ್ ಹಾಕಿ ಫಾರ್ವರ್ಡ್‌ಗೆ ಕ್ಲಬ್ಬೇ ಸಂಬಳ ಕೊಡುತ್ತದೆ. ನಮ್ಮ ಹಾಕಿ ಆಟಗಾರರ ಹೊಟ್ಟೆಪಾಡು ನಡೆಯುತ್ತಿದ್ದದ್ದು ರೈಲ್ವೆ, ಪೊಲೀಸ್, ಏರ್‌ಲೈನ್ಸ್ ನೌಕರಿಯಿಂದ. ಮುಕೇಶ್ ಇಂಡಿಯನ್ ಏರ್‌ಲೈನ್ಸ್‌ನಲ್ಲಿದ್ದರು. ನಮ್ಮಲ್ಲೂ ತಂಡಗಳ ಲೀಗ್ ಎಂದು ಪ್ರೀಮಿಯರ್ ಹಾಕಿ ಲೀಗ್ ಶುರುವಾದದ್ದು 2005ರಲ್ಲಿ, ಅದೂ ಹೈದರಾಬಾದಿನ ಗಚ್ಚಿಬೌಲಿಯಲ್ಲೇ. ಮೊದಲ ಕಪ್ ಹೈದರಾಬಾದ್ ಸುಲ್ತಾನ್ಸ್ ಪಾಲಾಯಿತು. ಅಷ್ಟು ಹೊತ್ತಿಗೆ ಮುಕೇಶ್ ಅವರ ಮೂರೂ ಒಲಿಂಪಿಕ್ಸ್ ಮುಗಿದು ವರ್ಷಗಳಾಗಿದ್ದವು. ಅರ್ಜುನ ಪ್ರಶಸ್ತಿ 1995ರಲ್ಲೂ ಪದ್ಮಶ್ರೀ 2003ರಲ್ಲೂ ಬಂದಿದ್ದವು.