ಕಳಲೆಗೆ ಮೂರು ನೀರು, ಕೆಸುವಿಗೆ ಒಂದು ಹುಳಿ

ಸಕಲೇಶಪುರದಿಂದ ಹೆತ್ತೂರು, ವನಗೂರು ಹಾದು ಬಿಸಿಲೆ ಘಾಟಿಯತ್ತ ಸಾಗುವ ದಾರಿಯ ಊರುಗಳಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಅಡುಗೆಮನೆಯ ಲೆಕ್ಕವೇ ಬದಲಾಗುತ್ತದೆ. ಹಿತ್ತಿಲ ತರಕಾರಿ ಕೊಳೆಯುತ್ತದೆ. ಸಂತೆಗೆ ಹೋಗಿಬರುವುದು ತ್ರಾಸ. ಕಟ್ಟಿಗೆ ಹಸಿ, ಉಪ್ಪು ನೀರು. ಆದರೆ ಅದೇ ಮಳೆ ಬಿದಿರು ಮೆಳೆಯ ಬುಡದಲ್ಲಿ ಕಳಲೆಯನ್ನು, ತೋಡಿನ ಅಂಚಿನಲ್ಲಿ ಕೆಸುವನ್ನು, ಹುತ್ತದ ಬಳಿ ಅಣಬೆಯನ್ನು ಎಬ್ಬಿಸುತ್ತದೆ. ಕಾಸಿಲ್ಲದೆ ಸಿಗುವ ಈ ಮೂರಕ್ಕೂ ಒಂದು ಸಮಾನ ಗುಣವಿದೆ: ಕಿತ್ತು ತಂದ ಹಾಗೆಯೇ ಒಲೆಗೆ ಏರಿಸುವಂತಿಲ್ಲ. ಒಂದರಲ್ಲಿ ವಿಷ, ಇನ್ನೊಂದರಲ್ಲಿ ತುರಿಕೆ. ಮೂರನೆಯದನ್ನು ಗುರುತಿಸುವಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಮಲೆನಾಡಿನ ಮನೆಗಳಲ್ಲಿ ಅತ್ತೆ ಸೊಸೆಗೆ, ಅಜ್ಜಿ ಮೊಮ್ಮಗಳಿಗೆ ಹೇಳಿಕೊಡುವ ಅಡುಗೆಯ ಕಿವಿಮಾತುಗಳಲ್ಲಿ ಅನೇಕವು ರುಚಿಗೆ ಸಂಬಂಧಿಸಿದವಲ್ಲ. ‘ಮೂರು ನೀರು ಚೆಲ್ಲು’, ‘ಹುಳಿ ಮರೆಯಬೇಡ’, ‘ಮುಚ್ಚಳ ಹಾಕಬೇಡ’ ಎಂಬ ಚಿಕ್ಕ ಮಾತುಗಳು ಅವು. ಕಾರಣ ಹೇಳುವ ವಾಡಿಕೆ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಪಕ್ಕದಲ್ಲಿ ನಿಂತು ನೋಡಿದವರಿಗೆ ಕೈಯೇ ಕಲಿಯುತ್ತಿತ್ತು. ಇಂದು ಅಡುಗೆ ದೂರವಾಣಿಯ ಮೇಲೆ ಒಂದೂರಿಂದ ಇನ್ನೊಂದೂರಿಗೆ ಹೋಗುತ್ತದೆ. ಕಾರಣ ತಿಳಿಯದ ಹೆಜ್ಜೆ ಅವಸರದಲ್ಲಿ ಮೊದಲು ಬಿಟ್ಟುಹೋಗುತ್ತದೆ. ಆದ್ದರಿಂದ ಆ ಮಾತುಗಳ ಹಿಂದಿನ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಕಳಲೆಯ ಮೂರು ನೀರು

ಕಳಲೆ ಎಂದರೆ ಬಿದಿರಿನ ಎಳೆ ಮೊಳಕೆ. ತುಳುವರಿಗೆ ಇದು ಕಣಿಲೆ, ಕೊಡವರಿಗೆ ಬೈಂಬಳೆ. ಇದರ ಅಡುಗೆ ಕನ್ನಡಕ್ಕೆ ಹೊಸದಲ್ಲ. ಇಂದಿನ ಹುಣಸೂರು ಸೀಮೆಯ ಕಲ್ಲಹಳ್ಳಿಯನ್ನು ಆಳುತ್ತಿದ್ದ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಕಳಲೆಯ ಪಾಕಗಳಿಗೂ ಸ್ಥಾನವಿದೆ. ಐದು ಶತಮಾನಗಳ ಹಿಂದೆಯೇ ಅದು ಪಾಕಶಾಸ್ತ್ರದ ಗ್ರಂಥದಲ್ಲಿ ಸೇರುವಷ್ಟು ಮಾನ್ಯ ತರಕಾರಿಯಾಗಿತ್ತು.

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇರುತ್ತದೆ. ತನ್ನಷ್ಟಕ್ಕೆ ಇದ್ದಾಗ ಅದು ಸುಮ್ಮನಿರುತ್ತದೆ. ಕಳಲೆಯನ್ನು ಕತ್ತರಿಸಿದಾಗ ಅದರ ಜೀವಕೋಶಗಳು ಒಡೆದು, ಬೇರೆ ಕಡೆ ಇದ್ದ ಒಂದು ಕಿಣ್ವ ಬಂದು ಇದರೊಂದಿಗೆ ಸೇರುತ್ತದೆ. ಆಗ ಹೊರಬರುವುದು ಹೈಡ್ರೋಜನ್ ಸಯನೈಡ್, ಅಂದರೆ ತೀಕ್ಷ್ಣ ವಿಷ. ಎಳೆಯ ತುದಿಯಲ್ಲಿ ಇದರ ಪ್ರಮಾಣ ಹೆಚ್ಚು, ಬುಡದ ಕಡೆ ಕಡಿಮೆ. ನಾವು ಆಸೆಪಟ್ಟು ಆರಿಸುವುದೂ ಆ ಎಳೆ ತುದಿಯನ್ನೇ.

ಈಗ ಹಳೆಯ ಕ್ರಮವನ್ನು ನೋಡಿ. ಸಿಪ್ಪೆ ಬಿಡಿಸಿದ ಕಳಲೆಯನ್ನು ಮೊದಲು ಸಣ್ಣಗೆ ಹೆಚ್ಚುತ್ತಾರೆ, ಆಮೇಲೆ ನೆನೆಹಾಕುತ್ತಾರೆ. ಇಡಿಯಾಗಿ ನೆನೆಸಿದರೆ ಪ್ರಯೋಜನ ಕಡಿಮೆ, ಏಕೆಂದರೆ ವಿಷ ಹೊರಗೆ ಬರಲು ಕೋಶ ಒಡೆಯಬೇಕು. ಎರಡು ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕುತ್ತಾರೆ. ಕರಗಿದ್ದು ಆ ನೀರಿನೊಂದಿಗೆ ಹೋಗುತ್ತದೆ. ಕೊನೆಗೆ ಬೇರೆ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆಯಾದರೂ ಕುದಿಸಿ, ಆ ನೀರನ್ನೂ ಬಸಿದು ಚೆಲ್ಲುತ್ತಾರೆ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುವ ವಸ್ತು. ಮುಚ್ಚಳ ತೆಗೆದಿಟ್ಟರೆ ಹಬೆಯ ಜೊತೆ ಹಾರಿಹೋಗುತ್ತದೆ. ‘ಮುಚ್ಚಳ ಹಾಕಬೇಡ’ ಎಂಬ ಮಾತಿನ ಅರ್ಥ ಇಷ್ಟು. ಹಸಿ ಕಳಲೆಯನ್ನು ನೇರವಾಗಿ ಕುಕ್ಕರಿಗೆ ಹಾಕುವುದು ಸರಿಯಲ್ಲ ಎನ್ನಲು ಕಾರಣವೂ ಇದೇ.

ಹೆಜ್ಜೆ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಮರಗೆಣಸಿನಲ್ಲಿಯೂ ಇಂಥದೇ ವಸ್ತು ಇರುತ್ತದೆ. ಆಫ್ರಿಕದ ಮೊಜಾಂಬಿಕ್ ದೇಶದ ಜನ ಕಹಿ ಮರಗೆಣಸನ್ನು ಸುಲಿದು, ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿಸಿ ತಿನ್ನುತ್ತಿದ್ದರು. 1981ರಲ್ಲಿ ನಾಂಪುಲ ಪ್ರಾಂತದಲ್ಲಿ ಬರ ಬಿತ್ತು. ಬೇರೆ ಬೆಳೆ ಉಳಿಯಲಿಲ್ಲ. ಹಸಿದವರಿಗೆ ಕಾಯುವಷ್ಟು ವ್ಯವಧಾನ ಇರಲಿಲ್ಲ. ಸರಿಯಾಗಿ ಒಣಗಿಸದ ಗೆಣಸನ್ನೇ ದಿನವೂ ಉಂಡ ಸಾವಿರಕ್ಕೂ ಹೆಚ್ಚು ಜನರ ಕಾಲುಗಳು ಸೆಟೆದು ಸ್ವಾಧೀನ ತಪ್ಪಿದವು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ವರ್ಷಕ್ಕೆ ಕೆಲವು ಸಲ ತಿನ್ನುವ ಕಳಲೆಯಿಂದ ಹೀಗಾಗುತ್ತದೆ ಎಂದಲ್ಲ. ಅದರ ವಿಷ ಕುದಿಯುವಾಗ ಬೇಗ ಒಡೆಯುತ್ತದೆ. ಆದರೆ ಅಡುಗೆಯ ಒಂದು ಹೆಜ್ಜೆಯ ಬೆಲೆ ಎಷ್ಟೆಂಬುದನ್ನು ನಾಂಪುಲ ತೋರಿಸಿಕೊಟ್ಟಿತು.

ಹುಳಿ ಎಲ್ಲಿ ಮೊದಲು, ಎಲ್ಲಿ ಕೊನೆಗೆ

ಕೆಸುವಿನದು ಬೇರೆ ಕಥೆ. ಅದರ ಎಲೆ, ದಂಟು, ಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಗಳಂತೆ ಕಟ್ಟುಕಟ್ಟಾಗಿ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಸೂಜಿಗಳು ನಾಲಿಗೆ ಗಂಟಲಿಗೆ ಚುಚ್ಚಿದಾಗ ತುರಿಕೆ ಏಳುತ್ತದೆ. ನೀರಿನಲ್ಲಿ ಇವು ಕರಗುವುದಿಲ್ಲ. ಹಾಗಾಗಿ ಬರಿದೆ ನೆನೆಸಿದರೆ ಸಾಲದು. ಚೆನ್ನಾಗಿ ಬೇಯಿಸುವುದು ಮತ್ತು ಹುಳಿ ಸೇರಿಸುವುದು, ಎರಡೂ ಬೇಕು. ಪತ್ರೊಡೆಯ ಹಿಟ್ಟಿಗೆ ಹುಣಸೆಯನ್ನು ಧಾರಾಳವಾಗಿ ಹಾಕಿ ರುಬ್ಬುವುದು ಇದೇ ಕಾರಣಕ್ಕೆ. ಎಲೆಯ ದಪ್ಪ ನಾರನ್ನು ತೆಗೆಯುವುದು, ಕೈಗೆ ಎಣ್ಣೆ ಸವರಿಕೊಂಡು ಹೆಚ್ಚುವುದು ಕೂಡ ತುರಿಕೆಯಿಂದ ಪಾರಾಗುವ ಉಪಾಯಗಳೇ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಕೆಸುವನ್ನು ಮಿತವಾಗಿ ತಿನ್ನುವುದು ಮೇಲು.

ಕೆಸುವಿಗೆ ಮೊದಲೇ ಬೇಕಾದ ಹುಳಿ ಬೇಳೆಗೆ ಕೊನೆಯಲ್ಲಿ ಬೇಕು. ತೊಗರಿಬೇಳೆ, ಹುರುಳಿಕಾಳು, ಅಲಸಂದೆ ಯಾವುದೇ ಇರಲಿ, ಬೇಯುವ ಮುನ್ನ ಹುಣಸೆರಸವನ್ನೋ ಟೊಮೆಟೊವನ್ನೋ ಹಾಕಿದರೆ ಎಷ್ಟು ಹೊತ್ತು ಕುದಿಸಿದರೂ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಿದರೆ ಮಾತ್ರ ಅದು ಮೆತ್ತಗಾಗುತ್ತದೆ. ಹುಳಿ ಅದನ್ನು ಕರಗಲು ಬಿಡುವುದಿಲ್ಲ. ಹಸಿ ಕಟ್ಟಿಗೆಯ ಕಾಲದಲ್ಲಿ ಈ ಒಂದು ತಿಳಿವಳಿಕೆಯಿಂದ ಉಳಿಯುತ್ತಿದ್ದ ಉರಿ ಕಡಿಮೆಯದಲ್ಲ. ಇಂದು ಉಳಿಯುವುದು ಗ್ಯಾಸು.

ಕಡುಬು ಮತ್ತು ಉಪ್ಪು

ಮಳೆಗಾಲದ ಮಲೆನಾಡಿನಲ್ಲಿ ಇಡ್ಲಿಗಿಂತ ಕಡುಬು ಹೆಚ್ಚು ಏಕೆ ಎಂಬುದಕ್ಕೂ ಉತ್ತರ ಹವೆಯಲ್ಲಿದೆ. ಇಡ್ಲಿಯ ಹಿಟ್ಟು ಹುದುಗು ಬರಲು ಬೆಚ್ಚಗಿರಬೇಕು. ಚಳಿಗಾಳಿಯಲ್ಲಿ ಬೆಳಗಾದರೂ ಅದು ಉಬ್ಬುವುದಿಲ್ಲ. ಕಡುಬಿಗೆ ಹುದುಗಿನ ಹಂಗಿಲ್ಲ. ಒಂದು ಅಳತೆ ಅಕ್ಕಿತರಿಗೆ ಸುಮಾರು ಎರಡು ಅಳತೆ ನೀರು, ಉಪ್ಪು. ನೀರು ಕುದಿಯುವಾಗ ತರಿ ಸುರಿದು ಕೆದಕಿ, ಬಿಸಿ ಇರುವಾಗಲೇ ನಾದಿ, ಉಂಡೆ ಕಟ್ಟಿ, ಹಬೆಯಲ್ಲಿ 15ರಿಂದ 20 ನಿಮಿಷ ಬೇಯಿಸಿದರೆ ಆಯಿತು. ಅಕ್ಕಿರೊಟ್ಟಿಯ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸುವುದರ ಗುಟ್ಟೂ ಇದೇ. ಗೋಧಿಯಲ್ಲಿರುವ ಅಂಟು ಅಕ್ಕಿಯಲ್ಲಿಲ್ಲ. ಬಿಸಿನೀರು ತಗಲಿದಾಗ ಅಕ್ಕಿಯ ಪಿಷ್ಟ ಉಬ್ಬಿ ಅಂಟಾಗುತ್ತದೆ. ತಣ್ಣೀರಿನಲ್ಲಿ ಕಲಸಿದ ಹಿಟ್ಟು ತಟ್ಟುವಾಗ ಬಿರಿಯುವುದು ಆ ಅಂಟಿಲ್ಲದೆ. ಉಳಿದ ಅನ್ನವನ್ನು ಹಿಸುಕಿ ಸೇರಿಸಿದರೆ ರೊಟ್ಟಿ ಮೃದುವಾಗುವುದಕ್ಕೂ ಬೆಂದ ಪಿಷ್ಟವೇ ಕಾರಣ.

ಎಲ್ಲ ಕಿವಿಮಾತೂ ಎಲ್ಲ ಕಾಲಕ್ಕೂ ನಡೆಯುತ್ತದೆ ಎಂದೇನೂ ಇಲ್ಲ. ಮಳೆಗಾಲದಲ್ಲಿ ಉಪ್ಪಿನ ಮಡಕೆಯನ್ನು ಒಲೆಯ ಬದಿಯಲ್ಲಿಡುವ ಪದ್ಧತಿ ಹರಳುಪ್ಪಿಗೆ ಸರಿ. ಅದರಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ನೀರಾಗುತ್ತದೆ, ಒಲೆಯ ಕಾವು ಅದನ್ನು ತಡೆಯುತ್ತದೆ. ಈಗ ಬಳಸುವ ಅಯೋಡಿನ್‌ಯುಕ್ತ ಪುಡಿ ಉಪ್ಪಿಗೆ ಮಾತ್ರ ಇದು ಸಲ್ಲದು. ಕಾವಿಗೂ ತೇವಕ್ಕೂ ಅಯೋಡಿನ್ ನಷ್ಟವಾಗುತ್ತದೆ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಂದು ಹಿಡಿ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಒಲೆಯಿಂದ ದೂರ ಇಡಬೇಕು.

ಪೂರ್ತಿ ತಪ್ಪಾದ ಕಿವಿಮಾತೂ ಒಂದಿದೆ. ಅಣಬೆ ಬೇಯುವಾಗ ಬೆಳ್ಳಿಯ ನಾಣ್ಯ ಹಾಕಿ, ಕಪ್ಪಾದರೆ ವಿಷ, ಇಲ್ಲದಿದ್ದರೆ ತಿನ್ನಬಹುದು ಎಂಬ ನಂಬಿಕೆ ಹಲವು ದೇಶಗಳಲ್ಲಿದೆ. ಇದನ್ನು ನಂಬಬಾರದು. ಅತಿ ಘೋರವಾದ ಅಣಬೆಯ ವಿಷಗಳು ಬೆಳ್ಳಿಯನ್ನು ಕಪ್ಪಾಗಿಸುವುದಿಲ್ಲ. ಕುದಿಸಿದರೂ ನಾಶವಾಗುವುದಿಲ್ಲ. ತಿಂದು ಆರು ಗಂಟೆಗೂ ಹೆಚ್ಚು ಕಾಲ ಏನೂ ತಿಳಿಯದಿರಬಹುದು. ಅಷ್ಟರಲ್ಲಿ ವಿಷ ಯಕೃತ್ತನ್ನು ಸೇರಿರುತ್ತದೆ. ಕಳಲೆಯ ವಿಷ ನೀರಿಗೆ, ಬೆಂಕಿಗೆ ಬಗ್ಗುತ್ತದೆ. ಇದು ಬಗ್ಗದು. ಹುತ್ತದ ಅಣಬೆಯನ್ನು ಬಲ್ಲವರು ಅದನ್ನು ಮಾತ್ರ ಕಿತ್ತು, ಸಂದೇಹವಿದ್ದದ್ದನ್ನು ಅಲ್ಲೇ ಬಿಟ್ಟುಬರುತ್ತಾರೆ. ಅಣಬೆಯ ವಿಷಯದಲ್ಲಿ ಇದೊಂದೇ ಪರೀಕ್ಷೆ.

ಯಾವ ಮಾತು ಉಳಿಯಬೇಕು, ಯಾವುದು ಹೋಗಬೇಕು ಎಂದು ತೂಗಿನೋಡಲು ಕಾರಣ ಗೊತ್ತಿರಬೇಕು. ಮಳೆಗಾಲದಲ್ಲಿ ಬೆಂಗಳೂರಿನ ಬಂಧುಗಳಿಗೆ ಹೆಚ್ಚಿದ ಕಳಲೆಯನ್ನು ಪೊಟ್ಟಣ ಕಟ್ಟಿ ಬಸ್ಸಿಗೆ ಹಾಕುವವರು ಇದ್ದಾರೆ. ಪೇಟೆಯಲ್ಲಿ ಕೊಳ್ಳುವವರೂ ಇದ್ದಾರೆ. ಎಷ್ಟು ನೀರು ಆಗಿದೆ ಎಂದು ಕಳಿಸುವವರು ಹೇಳಬೇಕು, ಕೊಳ್ಳುವವರು ಕೇಳಬೇಕು. ಉತ್ತರ ಖಚಿತವಿಲ್ಲದಿದ್ದರೆ ಮೂರು ನೀರನ್ನು ಮೊದಲಿಂದ ಎಣಿಸುವುದೇ ಸರಿ.